ರೋಸವೆಲ್ಟ್: ಡಚ್ಚರ ಹೊಲದಿಂದ ಅಮೆರಿಕದ ತೊಟ್ಟಿಲಿಗೆ ಬಂದ ಹೆಸರು

ಈ ದಿನ ನಾನು ಮಾತನಾಡಲಿರುವ ಹೆಸರನ್ನು ನೀವೆಲ್ಲರೂ ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಓದಿದ್ದೀರಿ. ಬಹುಮಟ್ಟಿಗೆ ಎಲ್ಲರೂ ತಪ್ಪಾಗಿಯೇ ಓದಿದ್ದೀರಿ. ನಾನೂ ಹಾಗೆಯೇ ಓದಿ, ಬಹಳ ವರ್ಷ ಹಾಗೆಯೇ ಪಾಠ ಹೇಳಿದವನಾದ್ದರಿಂದ ಇದನ್ನು ಆಕ್ಷೇಪಣೆಯೆಂದು ತಿಳಿಯಬೇಡಿ. ಯಾಲ್ಟಾ ಸಮಾವೇಶದ ಪ್ರಸಿದ್ಧ ಛಾಯಾಚಿತ್ರದಲ್ಲಿ ಚರ್ಚಿಲ್ ಮತ್ತು ಸ್ಟಾಲಿನ್ನರ ನಡುವೆ, ಹೆಗಲ ಮೇಲೆ ಕಪ್ಪು ಹೊದಿಕೆ ಇಳಿಬಿಟ್ಟು ಕುಳಿತಿರುವ ಅಮೆರಿಕದ ಅಧ್ಯಕ್ಷರನ್ನು ನಮ್ಮ ಪಠ್ಯಪುಸ್ತಕಗಳೂ ಪತ್ರಿಕೆಗಳೂ ‘ರೂಸ್‌ವೆಲ್ಟ್’ ಎಂದೇ ಅಚ್ಚು ಹಾಕಿಕೊಂಡು ಬಂದಿವೆ. ಇಂಗ್ಲಿಷಿನಲ್ಲಿ ಎರಡು ‘ಓ’ ಜೊತೆಯಾಗಿ ಬಂದರೆ ಅದನ್ನು ‘ಊ’ ಎಂದು ಓದಬೇಕೆಂದು ನಮಗೆ ಮೊದಲ ಪಾಠದಲ್ಲೇ ಕಲಿಸಿದ್ದಾರೆ. ಸ್ಕೂಲ್ ಹೇಗೋ, ಮೂನ್ ಹೇಗೋ, ರೂಸ್‌ವೆಲ್ಟ್ ಕೂಡ ಹಾಗೆ. ಆದರೆ ಆ ಜೋಡಿ ‘ಓ’ ಇಂಗ್ಲಿಷಿನದಲ್ಲ, ಡಚ್ ಭಾಷೆಯದು. ಡಚ್ಚಿನಲ್ಲಿ ಅದರ ಉಚ್ಚಾರ ಅಪ್ಪಟ ದೀರ್ಘ ‘ಓ’. ಛಾಯಾಚಿತ್ರದಲ್ಲಿರುವವರು ಫ್ರಾಂಕ್ಲಿನ್ ರೋಸವೆಲ್ಟ್; ಅವರಿಗಿಂತ ಮೊದಲು ಅಧ್ಯಕ್ಷರಾಗಿದ್ದ, ಅದೇ ಮನೆತನದ ಥಿಯೋಡರ್ ರೋಸವೆಲ್ಟರು ಒಂದು ಪತ್ರದಲ್ಲಿ, ತಮ್ಮ ಹೆಸರಿನಲ್ಲಿ ಮೂರು ಉಚ್ಚಾರಾಂಶಗಳಿವೆ, ಮೊದಲನೆಯದನ್ನು ಗುಲಾಬಿ ಹೂವಿಗೆ ಹೇಳುವ ‘ರೋಸ್’ ಎಂಬಂತೆ ನುಡಿಯಬೇಕು ಎಂದು ಬಿಡಿಸಿ ಬರೆದಿದ್ದರು. ಅಂದರೆ ಅಮೆರಿಕದವರೇ ಈ ಹೆಸರಿನ ಮುಂದೆ ಎಡವುತ್ತಿದ್ದರು. ತಮಾಷೆಯೆಂದರೆ ಇಂಗ್ಲಿಷಿಗೆ ಇಲ್ಲದ ಅನುಕೂಲ ನಮಗಿತ್ತು. ‘ರೂ’ಗೂ ‘ರೋ’ಗೂ ಬೇರೆಬೇರೆ ಬರಹವಿರುವ ಲಿಪಿ ನಮ್ಮದು, ಆದರೂ ನಾವು ಇಂಗ್ಲಿಷಿನ ಕಾಗುಣಿತವನ್ನು ನೋಡಿ ಬರೆದೆವೇ ಹೊರತು ಹೆಸರಿನವರ ಬಾಯಿಂದ ಕೇಳಿ ಬರೆಯಲಿಲ್ಲ. ಈ ಮಾತಿನುದ್ದಕ್ಕೂ ನಾನು ರೋಸವೆಲ್ಟ್ ಎಂದೇ ಹೇಳುತ್ತೇನೆ.

ಉಚ್ಚಾರ ಸರಿಯಾದರೆ ಅರ್ಥ ತಾನಾಗಿ ಕಾಣುತ್ತದೆ. ಡಚ್ಚಿನಲ್ಲಿ ‘ರೋಸ್’ ಎಂದರೆ ಗುಲಾಬಿ. ‘ವೆಲ್ಟ್’ ಎಂಬುದು ಹೊಲ, ಬಯಲು ಎಂಬರ್ಥದ ಪದದ ಹಳೆಯ ಕಾಗುಣಿತ. ಈಗಿನ ಡಚ್ಚಿನಲ್ಲಿ ಅದನ್ನು ಕೊನೆಗೆ ‘ಡ’ಕಾರವಿಟ್ಟು ಬರೆದರೂ ಬಾಯಲ್ಲಿ ‘ಟ’ಕಾರವೇ ಬರುತ್ತದೆ. ಗುಲಾಬಿ ಹೊಲ, ಅಷ್ಟೆ. ಈ ಮನೆತನದವರು ತಮ್ಮ ಲಾಂಛನದಲ್ಲಿ ಗಿಡದ ಮೇಲೆ ಅರಳಿದ ಮೂರು ಗುಲಾಬಿಗಳನ್ನೇ ಇಟ್ಟುಕೊಂಡಿದ್ದಾರೆ.

ಈಗ ಅಮೆರಿಕಕ್ಕೆ ಈ ಹೆಸರನ್ನು ತಂದ ಮನುಷ್ಯನ ಬಳಿಗೆ ಹೋಗೋಣ. ಆತನ ಪೂರ್ಣ ಹೆಸರು ಕ್ಲಾಸ್ ಮಾರ್ಟೆನ್ಸೆನ್ ವಾನ್ ರೋಸೆನ್‌ವೆಲ್ಟ್. ಇದರಲ್ಲಿ ಮೂರು ತುಂಡುಗಳಿವೆ. ಕ್ಲಾಸ್ ಎಂಬುದು ಆತನಿಗೆ ಇಟ್ಟ ಹೆಸರು. ನಿಕೊಲಾಸ್ ಎಂಬುದರ ಮೊಟಕು ರೂಪ. ಡಚ್ ಮಕ್ಕಳಿಗೆ ಡಿಸೆಂಬರಿನಲ್ಲಿ ಉಡುಗೊರೆ ತರುವ ಸಂತ ನಿಕೊಲಾಸನನ್ನು ಅವರು ಸಿಂಟರ್‌ಕ್ಲಾಸ್ ಎನ್ನುತ್ತಾರೆ, ಅದೇ ಅಮೆರಿಕಕ್ಕೆ ಬಂದು ಸಾಂತಾಕ್ಲಾಸ್ ಆಯಿತು. ಮಾರ್ಟೆನ್ಸೆನ್ ಎಂದರೆ ಮಾರ್ಟೆನ್ನನ ಮಗ. ವಾನ್ ರೋಸೆನ್‌ವೆಲ್ಟ್ ಎಂದರೆ ರೋಸೆನ್‌ವೆಲ್ಟಿನವನು. ಇಟ್ಟ ಹೆಸರು, ತಂದೆಯ ಹೆಸರು, ಊರಿನ ಹೆಸರು. ಇಷ್ಟು ಹೇಳಿದ ಕೂಡಲೇ ನಿಮ್ಮಲ್ಲಿ ಹಲವರ ಮುಖದಲ್ಲಿ ನಗು ಕಾಣುತ್ತಿದೆ. ಯಾಕೆಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರನ್ನು ಹಿಂದಿನಿಂದ ಮುಂದಕ್ಕೆ ಓದಿದರೆ ಇದೇ ಕಟ್ಟು ಸಿಗುತ್ತದೆ. ನಾವು ಊರನ್ನು ಮುಂದಿಟ್ಟು ಮನುಷ್ಯನನ್ನು ಕೊನೆಗೆ ತರುತ್ತೇವೆ, ಡಚ್ಚರು ಮನುಷ್ಯನನ್ನು ಮುಂದಿಟ್ಟು ಊರನ್ನು ಕೊನೆಗೆ ತರುತ್ತಿದ್ದರು. ಅವರ ವ್ಯವಸ್ಥೆಯಲ್ಲಿಯೂ ಹೆಸರಿನ ನಡುವಿನ ತುಂಡು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಮಾರ್ಟೆನ್ನನ ಮಗ ಕ್ಲಾಸ್ ಮಾರ್ಟೆನ್ಸೆನ್. ಕ್ಲಾಸನ ಮಗ ನಿಕೊಲಾಸ್ ಕ್ಲಾಸೆನ್. ಅವನ ಮಗ ಇನ್ನೇನೋ. ಮನೆತನಕ್ಕೆ ನಿಂತ ಹೆಸರು ಎಂಬುದು ಅಂದಿನ ಸಾಮಾನ್ಯ ಡಚ್ ರೈತನಿಗೆ ಬೇಕಾಗಿಯೇ ಇರಲಿಲ್ಲ.

ಇಲ್ಲಿ ಒಂದು ಸಣ್ಣ ಅಡ್ಡಮಾತಿಗೆ ಅವಕಾಶ ಕೊಡಿ. ಊರಿನ ಹೆಸರು ಮನುಷ್ಯನಿಗೆ ಅಂಟಿಕೊಳ್ಳುವುದು ಆತ ಆ ಊರನ್ನು ಬಿಟ್ಟ ಮೇಲೆ. ಹುಬ್ಬಳ್ಳಿಯೊಳಗೆ ಒಬ್ಬನನ್ನು ಹುಬ್ಬಳ್ಳಿಯವನು ಎಂದು ಕರೆದರೆ ಯಾರೆಂದು ಗುರುತು ಸಿಗುವುದಿಲ್ಲ. ಆತ ಬೇರೆ ಊರಿಗೆ ಹೋಗಿ ಅಂಗಡಿ ಹಾಕಿದಾಗ ಮಾತ್ರ ಹುಬ್ಬಳ್ಳಿ ಎಂಬುದು ಗುರುತಾಗುತ್ತದೆ, ಎರಡು ತಲೆಮಾರಿನಲ್ಲಿ ಅಡ್ಡಹೆಸರೂ ಆಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಮೋಕ್ಷಗುಂಡಂ ಈಗಿನ ಆಂಧ್ರಪ್ರದೇಶದಲ್ಲಿದೆ. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಪೂರ್ವಿಕರು ಬಿಟ್ಟು ಬಂದ ಊರು ಇನಿಷಿಯಲ್ಲಾಗಿ ಉಳಿಯಿತು. ಆದ್ದರಿಂದ ‘ವಾನ್ ರೋಸೆನ್‌ವೆಲ್ಟ್’ ಎಂಬ ತುಂಡನ್ನು ವಿಳಾಸವೆಂದು ತಿಳಿಯದೆ, ವಲಸೆಯ ಗುರುತೆಂದು ಓದಬೇಕು.

ಹಾಗಾದರೆ ಆ ಗುಲಾಬಿ ಹೊಲ ಎಲ್ಲಿತ್ತು? ನೆದರ್‌ಲ್ಯಾಂಡ್ಸಿನ ನೈಋತ್ಯ ಮೂಲೆಯಲ್ಲಿ, ಬಹುಮಟ್ಟಿಗೆ ಸಮುದ್ರದಿಂದ ಕಿತ್ತುಕೊಂಡ ದ್ವೀಪಗಳಿಂದ ಆದ ಝೀಲಾಂಡ್ ಎಂಬ ಪ್ರಾಂತವಿದೆ. ಅಲ್ಲಿಯ ಥೋಲೆನ್ ಎಂಬ ಭಾಗದಲ್ಲಿ, ಔಡ್ ವೊಸ್ಸೆಮೇರ್ ಎಂಬ ಹಳ್ಳಿಯ ಸುತ್ತ ವಾನ್ ರೋಸೆವೆಲ್ಟ್ ಎಂಬ ಜಮೀನುದಾರ ಮನೆತನವೊಂದಿತ್ತು. ಇದನ್ನು ಹಿಡಿದು ಝೀಲಾಂಡಿನವರು ಅಮೆರಿಕದ ಇಬ್ಬರು ಅಧ್ಯಕ್ಷರನ್ನು ತಮ್ಮವರೆಂದೇ ಭಾವಿಸುತ್ತಾರೆ. ಪ್ರಾಂತದ ರಾಜಧಾನಿ ಮಿಡಲ್‌ಬರ್ಗಿನಲ್ಲಿ ರೋಸವೆಲ್ಟರ ಹೆಸರಿನ ಅಮೆರಿಕನ್ ಅಧ್ಯಯನ ಕೇಂದ್ರವಿದೆ, ಫ್ರಾಂಕ್ಲಿನ್ ರೋಸವೆಲ್ಟರು ತಮ್ಮ ಭಾಷಣವೊಂದರಲ್ಲಿ ಸಾರಿದ ನಾಲ್ಕು ಸ್ವಾತಂತ್ರ್ಯಗಳ ಹೆಸರಿನ ಪ್ರಶಸ್ತಿಯನ್ನೂ ಅಲ್ಲಿ ಕೊಡುತ್ತಾರೆ. ಆದರೆ ಥೋಲೆನ್ನಿನ ಆ ಮನೆತನಕ್ಕೂ ನ್ಯೂಯಾರ್ಕಿನ ಕ್ಲಾಸನಿಗೂ ರಕ್ತಸಂಬಂಧವನ್ನು ತೋರಿಸುವ ದಾಖಲೆ ಸಿಕ್ಕಿಲ್ಲ. ಹೆಸರಿನ ಸಾಮ್ಯವಿದೆ, ಸಾಕ್ಷಿಯಿಲ್ಲ. ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾಗುವುದು ಫ್ರಾಂಕ್ಲಿನ್ ರೋಸವೆಲ್ಟರ ನಿಲುವು. ಅವರ ವಿರೋಧಿಗಳು ಆ ಮನೆತನ ಮೂಲದಲ್ಲಿ ಯಹೂದಿಗಳದೆಂದು ಹಬ್ಬಿಸುತ್ತಿದ್ದ ಕಾಲದಲ್ಲಿ, 1935ರಲ್ಲಿ, ಪತ್ರಿಕಾ ಸಂಪಾದಕರೊಬ್ಬರು ಇದು ನಿಜವೇ ಎಂದು ಕೇಳಿ ಬರೆದರು. ಅಧ್ಯಕ್ಷರು ಸಿಟ್ಟಾಗಲಿಲ್ಲ, ವಂಶಾವಳಿಯನ್ನೂ ಕಳಿಸಲಿಲ್ಲ. ಅಮೆರಿಕದಲ್ಲಿ ಈ ಹೆಸರಿರುವ ಎಲ್ಲ ಶಾಖೆಗಳೂ 1648ಕ್ಕಿಂತ ಮೊದಲು ಬಂದ ಕ್ಲಾಸನಿಂದ ಇಳಿದವೆಂದು ತೋರುತ್ತದೆ, ಆತ ಬಂದ ವರ್ಷ ಕೂಡ ಖಚಿತವಿಲ್ಲ, ಹಾಲೆಂಡಿನಲ್ಲಿ ಆತನ ಊರು ಯಾವುದು, ತಂದೆತಾಯಿ ಯಾರು ಎಂಬುದು ತನಗೆ ಗೊತ್ತಿಲ್ಲ ಎಂದರು. ದೂರದ ಕಾಲದಲ್ಲಿ ಅವರು ಯಹೂದಿಗಳೋ ಕ್ಯಾಥೊಲಿಕರೋ ಪ್ರಾಟೆಸ್ಟಂಟರೋ ಆಗಿದ್ದಿರಬಹುದು, ಒಳ್ಳೆಯ ಪ್ರಜೆಗಳೂ ದೈವಭಕ್ತರೂ ಆಗಿದ್ದರೇ ಎಂಬುದರಲ್ಲಿ ಮಾತ್ರ ತನಗೆ ಆಸಕ್ತಿ ಎಂದು ಉತ್ತರಿಸಿದರು. ವಂಶದ ಹಿರಿಮೆಗಾಗಿ ದಾಖಲೆ ಹುಟ್ಟಿಸುವವರನ್ನು ನಮ್ಮಲ್ಲೂ ಬೇಕಾದಷ್ಟು ಕಂಡಿರುವುದರಿಂದ ಈ ಪತ್ರ ನನಗೆ ದೊಡ್ಡದಾಗಿ ಕಾಣುತ್ತದೆ.

ಕ್ಲಾಸ್ ಬಂದಿಳಿದದ್ದು ನ್ಯೂ ಆಮ್‌ಸ್ಟರ್‌ಡ್ಯಾಮಿಗೆ, ಅಂದರೆ ಈಗಿನ ನ್ಯೂಯಾರ್ಕಿಗೆ. ಅಂದು ಅದು ಮ್ಯಾನ್‌ಹಾಟನ್ ದ್ವೀಪದ ದಕ್ಷಿಣದ ತುದಿಯಲ್ಲಿದ್ದ, ಡಚ್ ವೆಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ನೆಲೆ. 1650ರಲ್ಲಿ ಅಲ್ಲಿಯ ಡಚ್ ಚರ್ಚಿನಲ್ಲಿ ಆತನ ಮೊದಲ ಮಗುವಿನ ದೀಕ್ಷಾಸ್ನಾನ ನಡೆಯಿತು. 1652ರ ಸುಮಾರಿಗೆ ಆತ ಊರಿನಿಂದ ಹೊರಗೆ ಇಪ್ಪತ್ತನಾಲ್ಕು ಮಾರ್ಗನ್ ಜಮೀನು ಕೊಂಡ. ಮಾರ್ಗನ್ ಎಂದರೆ ಬೆಳಗು. ಒಂದು ಬೆಳಗಿನ ಹೊತ್ತಿನಲ್ಲಿ ಉಳಬಹುದಾದಷ್ಟು ನೆಲ. ನಮ್ಮಲ್ಲಿ ಬಿತ್ತನೆಯ ಬೀಜವನ್ನು ಲೆಕ್ಕ ಹಿಡಿದು ಖಂಡುಗದ ಗದ್ದೆ ಎನ್ನುವಂತೆ, ಕೂರಿಗೆಯನ್ನು ಲೆಕ್ಕ ಹಿಡಿದು ಇಷ್ಟು ಕೂರಿಗೆ ಹೊಲ ಎನ್ನುವಂತೆ, ಅವರು ನೇಗಿಲಿನ ದುಡಿಮೆಯಿಂದ ನೆಲವನ್ನು ಅಳೆಯುತ್ತಿದ್ದರು. ಇಪ್ಪತ್ತನಾಲ್ಕು ಮಾರ್ಗನ್ ಎಂದರೆ ಹೆಚ್ಚುಕಡಿಮೆ ಐವತ್ತು ಎಕರೆ. ಈಗ ಎಂಪೈರ್ ಸ್ಟೇಟ್ ಕಟ್ಟಡ ನಿಂತಿರುವ ಜಾಗ ಆ ಐವತ್ತು ಎಕರೆಯೊಳಗಿತ್ತು. ಆ ಜಮೀನು ಮನೆತನದ ಕೈಯಲ್ಲಿ ಉಳಿಯಲಿಲ್ಲ. ಮರಿಮಕ್ಕಳ ಸಂಪತ್ತನ್ನೆಲ್ಲ ಆ ನೆಲಕ್ಕೆ ಕಟ್ಟಿ ಕಥೆ ಹೇಳುವವರಿದ್ದಾರೆ, ಅದು ಸರಿಯಲ್ಲ.

ಥಿಯೋಡರ್ ತಮ್ಮ ಆತ್ಮಕಥೆಯಲ್ಲಿ ಈ ಪೂರ್ವಿಕನ ಬಗ್ಗೆ ಒಂದು ಚುರುಕಾದ ಮಾತು ಹೇಳಿದ್ದಾರೆ. ಕ್ಲಾಸ್ ಬಂದದ್ದು ‘ನೆಲೆಸಿಗ’ನಾಗಿ ಎಂದು ಬರೆದು, ಹತ್ತೊಂಬತ್ತನೆಯ ಶತಮಾನದ ಹಬೆಹಡಗಿನ ಅಗ್ಗದ ದರ್ಜೆಯಲ್ಲಿ ಬಂದವನನ್ನು ವಲಸಿಗ ಎನ್ನುತ್ತಾರೆ, ಹದಿನೇಳನೆಯ ಶತಮಾನದ ಹಾಯಿಹಡಗಿನ ಅಗ್ಗದ ದರ್ಜೆಯಲ್ಲಿ ಬಂದವನಿಗೆ ನೆಲೆಸಿಗ ಎಂಬ ಮರ್ಯಾದೆಯ ಮಾತಿದೆ, ವ್ಯತ್ಯಾಸ ಅಷ್ಟೇ ಎಂಬ ಧಾಟಿಯಲ್ಲಿ ಹೇಳುತ್ತಾರೆ. ಆ ಬಳಿಕ ಏಳು ತಲೆಮಾರು ತಮ್ಮ ಶಾಖೆಯಲ್ಲಿ ತಂದೆಯಿಂದ ಮಗನಿಗೆ ಎಲ್ಲರೂ ಮ್ಯಾನ್‌ಹಾಟನ್ ದ್ವೀಪದಲ್ಲೇ ಹುಟ್ಟಿದರೆಂದೂ ಬರೆದಿದ್ದಾರೆ. ಆ ಏಳು ತಲೆಮಾರಿನಲ್ಲಿ ಡಚ್ ಭಾಷೆ ಕರಗಿಹೋಯಿತು. ಥಿಯೋಡರರಿಗೆ ಗೊತ್ತಿದ್ದ ಡಚ್ ಎಂದರೆ ಮಕ್ಕಳನ್ನು ಆಡಿಸುವ ಒಂದು ಹಾಡು ಮಾತ್ರ. ಪೂರ್ವ ಆಫ್ರಿಕಕ್ಕೆ ಹೋದಾಗ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರ ಮುಂದೆ ಅದನ್ನು ಹೇಳಿದರಂತೆ. ಇವರ ಉಚ್ಚಾರ ಕೇಳಿ ಅವರಿಗೆ ಮೊದಲು ಏನೂ ತಿಳಿಯಲಿಲ್ಲ, ಆಮೇಲೆ ಗುರುತು ಹತ್ತಿ, ತಮಗೂ ಆ ಹಾಡು ಬರುತ್ತದೆಂದರಂತೆ. ಎರಡು ಖಂಡಗಳಿಗೆ ಚದುರಿದ ಡಚ್ಚರಲ್ಲಿ ಒಂದು ತೊಟ್ಟಿಲ ಹಾಡು ಉಳಿದಿತ್ತು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ತಲೆಮಾರಿಗೊಮ್ಮೆ ಬದಲಾಗಬೇಕಿದ್ದ ಹೆಸರು ನಿಂತದ್ದು ಹೇಗೆ? ಕ್ಲಾಸನ ಮಗ ನಿಕೊಲಾಸ್ ಹುಟ್ಟಿದ್ದು 1658ರಲ್ಲಿ. ಮರುವರ್ಷವೇ ತಂದೆ ತೀರಿಕೊಂಡ; ಸ್ವಲ್ಪದರಲ್ಲೇ ತಾಯಿಯೂ ಹೋದಳು. ತಂದೆಯ ಮುಖ ನೋಡಿದ ನೆನಪೂ ಇಲ್ಲದ ಈ ಹುಡುಗನೇ ಹೆಸರನ್ನು ಉಳಿಸಿದವನು. ಆತ ಆರು ವರ್ಷದವನಾಗಿದ್ದಾಗ, 1664ರಲ್ಲಿ, ಇಂಗ್ಲಿಷರ ಯುದ್ಧನೌಕೆಗಳು ಬಂದರಿಗೆ ಬಂದು ನಿಂತವು, ಡಚ್ಚರ ಗವರ್ನರ್ ಪೀಟರ್ ಸ್ಟೈವೆಸೆಂಟ್ ಗುಂಡು ಹಾರಿಸದೆ ಊರನ್ನು ಒಪ್ಪಿಸಿದ, ನ್ಯೂ ಆಮ್‌ಸ್ಟರ್‌ಡ್ಯಾಮ್ ನ್ಯೂಯಾರ್ಕ್ ಆಯಿತು. ಆಡಳಿತ ಇಂಗ್ಲಿಷರದಾದರೂ ಮನೆಯೊಳಗೆ, ಚರ್ಚಿನೊಳಗೆ ಡಚ್ ಬಹಳ ಕಾಲ ನಡೆಯಿತು. ನ್ಯೂಯಾರ್ಕಿನ ಡಚ್ ಚರ್ಚು ಇಂಗ್ಲಿಷಿನಲ್ಲಿ ಪ್ರವಚನ ಮಾಡುವ ಪಾದ್ರಿಯನ್ನು ಕರೆಸಿಕೊಂಡದ್ದು 1764ರಲ್ಲಿ, ಸರಿಯಾಗಿ ನೂರು ವರ್ಷದ ನಂತರ. ಆದರೆ ಜಮೀನಿನ ಪತ್ರ, ಉಯಿಲು, ತೆರಿಗೆಯ ಪಟ್ಟಿ, ಪ್ರಮಾಣವಚನದ ಪಟ್ಟಿ ಇವು ಇಂಗ್ಲಿಷ್ ಗುಮಾಸ್ತನ ಕೈಗೆ ಹೋದವು. ಅವನಿಗೆ ತಂದೆಯಿಂದ ಮಗನಿಗೆ ಬದಲಾಗುವ ಹೆಸರು ಅರ್ಥವಾಗಲಿಲ್ಲ. ಆಸ್ತಿ ತಂದೆಯಿಂದ ಮಗನಿಗೆ ಹೋಗುವಾಗ ಹೆಸರೂ ಹೋಗಬೇಕು ಎಂಬುದು ಅವನ ಲೆಕ್ಕ. ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ಡಚ್ ಕುಟುಂಬಗಳು ಒಂದೊಂದಾಗಿ ತಮ್ಮ ಮೂರು ತುಂಡುಗಳಲ್ಲಿ ಒಂದನ್ನು ಆರಿಸಿ ಶಾಶ್ವತ ಮಾಡಿಕೊಂಡವು. ಕೆಲವರು ತಂದೆಯ ಹೆಸರನ್ನು ನಿಲ್ಲಿಸಿದರು, ಕೆಲವರು ಊರನ್ನು ನಿಲ್ಲಿಸಿದರು. ನಿಕೊಲಾಸ್ ಊರನ್ನು ಆರಿಸಿದ, ಆದರೆ ‘ವಾನ್’ ಎಂಬುದನ್ನು ಬಿಟ್ಟ. ರೋಸವೆಲ್ಟ್ ಎಂಬ ಕಾಗುಣಿತ ಅವನಿಂದ ಬಂದದ್ದು.

ಇದು ಎಲ್ಲರ ಆಯ್ಕೆಯಾಗಿರಲಿಲ್ಲ. ಯುಟ್ರೆಕ್ಟ್ ಬಳಿಯ ಡೆ ಬಿಲ್ಟ್ ಎಂಬ ಊರಿನಿಂದ 1650ರಲ್ಲಿ ಕರಾರಿನ ಆಳಾಗಿ ಬಂದ ಯಾನ್ ಆರ್ಟ್ಸೆನ್ನನ ವಂಶದವರು ‘ವಾನ್ ಡರ್ ಬಿಲ್ಟ್’ ಎಂಬ ಮೂರು ಪದಗಳನ್ನು ಬೆಸೆದು ವಾಂಡರ್‌ಬಿಲ್ಟ್ ಎಂಬ ಒಂದೇ ಪದ ಮಾಡಿಕೊಂಡರು. ಬ್ಯೂರೆನ್ ಊರಿನ ಕಡೆಯಿಂದ 1631ರಲ್ಲಿ ಬಂದ ಕಾರ್ನೆಲಿಸ್ ಮಾಸೆನ್ನನ ವಂಶದವರು ‘ವಾನ್’ ಉಳಿಸಿಕೊಂಡು ವಾನ್ ಬ್ಯೂರೆನ್ನರಾದರು. ಅವರಲ್ಲಿ ಹುಟ್ಟಿದ ಮಾರ್ಟಿನ್ ವಾನ್ ಬ್ಯೂರೆನ್ 1837ರಿಂದ 1841ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದರು. ಮನೆಮಾತು ಇಂಗ್ಲಿಷ್ ಅಲ್ಲದ ಅಧ್ಯಕ್ಷರು ಇಂದಿನವರೆಗೂ ಅವರೊಬ್ಬರೇ. ಇನ್ನೊಂದು ಸ್ವಾರಸ್ಯವಿದೆ. ನೆದರ್‌ಲ್ಯಾಂಡ್ಸಿನಲ್ಲಿ ಹೆಸರುಗಳ ಪಟ್ಟಿ ಮಾಡುವಾಗ ‘ವಾನ್’ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಾನ್ ಡೆನ್ ಬರ್ಗ್ ಎಂಬುವನನ್ನು ‘ಬ’ಕಾರದಲ್ಲಿ ಹುಡುಕಬೇಕು. ಅಮೆರಿಕದಲ್ಲಿ ಅವರೆಲ್ಲರೂ ‘ವ’ಕಾರದಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ಮನೆತನದ ಹೆಸರನ್ನು ಪ್ರತಿಯೊಬ್ಬನೂ ಇಟ್ಟುಕೊಳ್ಳಲೇಬೇಕೆಂದು ತಾಯ್ನಾಡಿನ ಡಚ್ಚರಿಗೆ ಆಜ್ಞೆ ಬಂದದ್ದು 1811ರಲ್ಲಿ, ನೆಪೋಲಿಯನ್ನನ ಆಳ್ವಿಕೆಯಲ್ಲಿ. ಅಂದರೆ ಅಮೆರಿಕದ ರೋಸವೆಲ್ಟರ ಹೆಸರು ಗಟ್ಟಿಯಾಗಿ ನೂರು ವರ್ಷ ಕಳೆದ ಮೇಲೆ ಅವರ ಮೂಲದೇಶದಲ್ಲಿ ಹೆಸರು ಗಟ್ಟಿಯಾಗಬೇಕೆಂಬ ಕಾನೂನು ಬಂತು.

ಈ ಬದಲಾವಣೆಯಲ್ಲಿ ಹೆಂಗಸರು ಕಳೆದುಕೊಂಡದ್ದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಡಚ್ ಪದ್ಧತಿಯಲ್ಲಿ ಮದುವೆಯಾದ ಹೆಣ್ಣು ತಂದೆಯ ಹೆಸರಿನಿಂದಲೇ ಗುರುತಾಗುತ್ತಿದ್ದಳು. ನಿಕೊಲಾಸ್ 1682ರಲ್ಲಿ ಕೈಹಿಡಿದವಳು ಹೇಲ್ಟ್ಯೆ ಯಾನ್ಸ್, ಅಂದರೆ ಯಾನ್ ಎಂಬುವನ ಮಗಳು ಹೇಲ್ಟ್ಯೆ. ಇಂಗ್ಲಿಷ್ ಪದ್ಧತಿ ನೆಲೆಯೂರಿದ ಮೇಲೆ ಆಕೆಯಂಥವರ ಮೊಮ್ಮಕ್ಕಳು ಗಂಡನ ಹೆಸರಿನೊಳಗೆ ಸೇರಿಹೋದರು. ಹೆಂಗಸರ ಕಡೆಯ ಹೆಸರು ಉಳಿದದ್ದು ಬೇರೊಂದು ದಾರಿಯಲ್ಲಿ: ತಾಯಿಯ ತವರಿನ ಹೆಸರನ್ನು ಮಗನ ಹೆಸರಿನ ನಡುವೆ ಇಡುವ ರೂಢಿ ಬಂತು. ಥಿಯೋಡರರ ಅಜ್ಜ ಕಾರ್ನೆಲಿಯಸ್ ವಾನ್ ಷಾಕ್ ರೋಸವೆಲ್ಟ್; ನಡುವಿನ ವಾನ್ ಷಾಕ್ ಅವರ ತಾಯಿಯ ಮನೆತನ. ಫ್ರಾಂಕ್ಲಿನ್ ಡೆಲನೊ ರೋಸವೆಲ್ಟರ ನಡುವಿನ ಡೆಲನೊ ಅವರ ತಾಯಿ ಸಾರಾ ಅವರ ಮನೆತನ. ಆ ಮನೆತನದ ಮೂಲಪುರುಷ ಹಾಲೆಂಡಿನ ಲೈಡನ್ನಿನಿಂದ 1621ರಲ್ಲಿ ಅಮೆರಿಕದ ಪ್ಲಿಮತ್ತಿಗೆ ಬಂದ ಫಿಲಿಪ್ ಡೆ ಲಾನೊಯ್. ಈ ರೂಢಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಮ್ಮವರ ಮಾತು ಇಲ್ಲಿ ತಾನಾಗಿ ಬರುತ್ತದೆ. ಹದಿನೇಳನೆಯ ಶತಮಾನದ ಡಚ್ಚರಿಗೆ ಆದದ್ದೇ ಇಂದು ಅಮೆರಿಕಕ್ಕೆ ಹೋದ ಕನ್ನಡಿಗರಿಗೆ ಆಗುತ್ತಿದೆ. ಹಳೆಯ ಮೈಸೂರಿನ ಕಡೆಯ ಒಬ್ಬಾತ ತಂದೆಯ ಹೆಸರನ್ನು ಒಂದಕ್ಷರದ ಇನಿಷಿಯಲ್ ಮಾಡಿಕೊಂಡು ಸುಖವಾಗಿದ್ದವನು. ಪಾಸ್‌ಪೋರ್ಟಿನ ಅರ್ಜಿ ಅದನ್ನು ಬಿಡಿಸಿ ಬರೆಸಿತು, ಅಮೆರಿಕದ ಕಚೇರಿ ಅದನ್ನು ಮನೆತನದ ಹೆಸರೆಂದು ದಾಖಲಿಸಿತು. ಆತನ ತಂದೆಯ ಹೆಸರು ತಿಮ್ಮಪ್ಪ ಎಂದಿಟ್ಟುಕೊಳ್ಳಿ. ಈಗ ನ್ಯೂಜೆರ್ಸಿಯ ಶಾಲೆಯಲ್ಲಿ ಓದುವ ಮೊಮ್ಮಗಳನ್ನು ಟೀಚರು ಮಿಸ್ ತಿಮ್ಮಪ್ಪ ಎಂದು ಕರೆಯುತ್ತಾರೆ. ಊರಿನಲ್ಲಿ ಯಾರೂ ಎದುರಿಗೆ ಹೆಸರು ಹಿಡಿದು ಕರೆಯದಿದ್ದ ಅಜ್ಜ ಅಲ್ಲೊಂದು ಮನೆತನದ ಮೂಲಪುರುಷನಾಗಿದ್ದಾನೆ. ಪಾಸ್‌ಪೋರ್ಟಿನಲ್ಲಿ ಇಟ್ಟ ಹೆಸರಿನ ಅಂಕಣ ಖಾಲಿಯಿದ್ದವರಿಗೆ ವೀಸಾದ ಮೇಲೆ ‘ಮೊದಲ ಹೆಸರು ತಿಳಿಯದು’ ಎಂಬುದರ ಮೂರಕ್ಷರದ ಸಂಕ್ಷೇಪ ಬಿದ್ದು, ಬ್ಯಾಂಕಿನಿಂದ ಆಸ್ಪತ್ರೆಯವರೆಗೆ ಅದೇ ಅವರ ಹೆಸರಾದದ್ದೂ ಉಂಟು.

ನಿಕೊಲಾಸನಿಗೆ ಯೊಹಾನೆಸ್ ಮತ್ತು ಯಾಕೊಬಸ್ ಎಂಬ ಮಕ್ಕಳಿದ್ದರು. ಯೊಹಾನೆಸನ ಶಾಖೆ ಲಾಂಗ್ ಐಲ್ಯಾಂಡಿನ ಆಯ್‌ಸ್ಟರ್ ಬೇ ಕಡೆಗೆ, ಯಾಕೊಬಸನ ಶಾಖೆ ಹಡ್ಸನ್ ನದಿಯ ದಡದ ಹೈಡ್ ಪಾರ್ಕಿನ ಕಡೆಗೆ ಹೋಯಿತು. ಇಪ್ಪತ್ತಾರನೆಯ ಅಧ್ಯಕ್ಷ ಥಿಯೋಡರ್ ಮೊದಲನೆಯ ಶಾಖೆಯವರು, ಮೂವತ್ತೆರಡನೆಯ ಅಧ್ಯಕ್ಷ ಫ್ರಾಂಕ್ಲಿನ್ ಎರಡನೆಯ ಶಾಖೆಯವರು. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಟ್. ಬಹಳ ಜನ ಇವರನ್ನು ಅಪ್ಪ ಮಗ ಎಂದೋ ಅಣ್ಣ ತಮ್ಮ ಎಂದೋ ತಿಳಿಯುತ್ತಾರೆ. ಇಬ್ಬರೂ ಸೇರುವುದು ನಿಕೊಲಾಸನಲ್ಲಿ, ಆರು ತಲೆಮಾರಿನ ಹಿಂದೆ. ಥಿಯೋಡರರ ತಮ್ಮನ ಮಗಳು ಎಲಿನಾರ್ 1905ರಲ್ಲಿ ಫ್ರಾಂಕ್ಲಿನ್‌ರನ್ನು ಮದುವೆಯಾದರು. ತಂದೆಯಿಲ್ಲದ ಆಕೆಯನ್ನು ಧಾರೆಯೆರೆದು ಕೊಟ್ಟವರು ಆಗ ಅಧ್ಯಕ್ಷರಾಗಿದ್ದ ದೊಡ್ಡಪ್ಪ. ಹೆಸರನ್ನು ಮನೆಯೊಳಗೇ ಉಳಿಸಿಕೊಂಡಿರಿ, ಒಳ್ಳೆಯದಾಯಿತು ಎಂದು ಅವರು ತಮಾಷೆ ಮಾಡಿದರೆಂದು ಹೇಳುತ್ತಾರೆ. ಮದುವೆಯಾದ ಮೇಲೂ ಹೆಸರು ಬದಲಾಗದ ಹೆಣ್ಣು ಎಂದು ನೋಡಿದರೆ ಎಲಿನಾರ್ ತಮ್ಮ ಪೂರ್ವಿಕಳಾದ ಹೇಲ್ಟ್ಯೆಯ ಸಾಲಿಗೆ ಸೇರುತ್ತಾರೆ.

ಇಷ್ಟು ಪ್ರಸಿದ್ಧವಾದ ಹೆಸರನ್ನು ಹೊತ್ತ ಜನ ಅಮೆರಿಕದಲ್ಲಿ ಎಷ್ಟಿರಬಹುದು ಎಂದು ನೀವು ಕೇಳಬಹುದು. ಆಶ್ಚರ್ಯವಾಗುವಷ್ಟು ಕಡಿಮೆ. ಅಮೆರಿಕದ ಜನಗಣತಿ ಇಲಾಖೆ ನೂರು ಜನಕ್ಕಿಂತ ಕಡಿಮೆಯಿಲ್ಲದ ಮನೆತನದ ಹೆಸರುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. 2010ರ ಪಟ್ಟಿಯಲ್ಲಿ 1 ಲಕ್ಷ 60 ಸಾವಿರಕ್ಕೂ ಮಿಕ್ಕ ಹೆಸರುಗಳಿವೆ. ಮೊದಲ ಸ್ಥಾನದಲ್ಲಿರುವ ಸ್ಮಿತ್ ಎಂಬ ಹೆಸರಿನವರು 24 ಲಕ್ಷ ದಾಟುತ್ತಾರೆ. ನಮ್ಮ ದೇಶದಿಂದ ಹೋದ ಪಟೇಲ್ ಎಂಬ ಹೆಸರಿನವರು 2 ಲಕ್ಷ ದಾಟುತ್ತಾರೆ. ರೋಸವೆಲ್ಟ್ ಮುಂದಿನ ಸಾಲುಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕಾರಣ ಸರಳವಾಗಿದೆ. ಪಟೇಲ ಎಂಬುದು ಊರಿನ ಮುಖ್ಯಸ್ಥನ ಪದವಿ. ಅದು ಒಂದೊಂದು ಹಳ್ಳಿಯಲ್ಲಿಯೂ ಸ್ವತಂತ್ರವಾಗಿ ಹುಟ್ಟಿದ ಹೆಸರು. ಸ್ಮಿತ್ ಎಂದರೆ ಕಮ್ಮಾರ. ಕುಲುಮೆಯಿದ್ದ ಕಡೆಯಲ್ಲೆಲ್ಲ ಅದು ಹುಟ್ಟಿತು. ಡಚ್ ಹೆಸರುಗಳಲ್ಲಿಯೂ ಇಂಥವಿವೆ. ಡೆಕ್ಕರ್ ಎಂದರೆ ಮನೆಗೆ ಹುಲ್ಲಿನ ಮಾಡು ಹೊದಿಸುವವನು. ವಾನ್ ಡೈಕ್ ಎಂದರೆ ಒಡ್ಡಿನ ಬಳಿಯವನು, ಒಡ್ಡಿಲ್ಲದ ಊರು ಹಾಲೆಂಡಿನಲ್ಲಿ ವಿರಳ. ಡೆ ವ್ರೀಸ್ ಎಂದರೆ ಫ್ರೀಸ್‌ಲ್ಯಾಂಡಿನವನು. ಇಂಥ ಹೆಸರುಗಳಿಗೆ ನೂರಾರು ಬೇರುಗಳು. ಡೆಕ್ಕರಿಗಂತೂ ಅದೇ ಅರ್ಥದ ಜರ್ಮನ್ ಹೆಸರೂ ಬಂದು ಕೂಡಿಕೊಂಡಿತು. ರೋಸವೆಲ್ಟಿಗೆ ಅಮೆರಿಕದಲ್ಲಿ ಇದ್ದದ್ದು ಒಂದೇ ಬೇರು, ಅದೂ ಒಬ್ಬ ಅನಾಥ ಹುಡುಗನ ಮೂಲಕ ಹಾದುಬಂದದ್ದು.

ಡಚ್ ಹೆಸರುಗಳೆಲ್ಲ ಒಂದೇ ಕಾಲದಲ್ಲಿ ಬಂದವಲ್ಲ ಎಂಬುದನ್ನೂ ಗಮನಿಸಬೇಕು. ರೋಸವೆಲ್ಟ್, ಸ್ಕೈಲರ್, ಟೆನ್ ಐಕ್, ವಾನ್ ರೆನ್ಸಲೇರ್ ಮೊದಲಾದವು 1664ಕ್ಕೆ ಮುಂಚಿನ ಪದರ. ಇವು ಹಡ್ಸನ್ ಕಣಿವೆಯಲ್ಲಿ, ನ್ಯೂಜೆರ್ಸಿಯಲ್ಲಿ ಹರಡಿದವು. 1847ರ ಸುಮಾರಿಗೆ ಧಾರ್ಮಿಕ ಕಾರಣದಿಂದಲೂ ಬಡತನದಿಂದಲೂ ಹೊರಟ ಇನ್ನೊಂದು ಅಲೆ ಮಿಷಿಗನ್ನಿನ ಹಾಲೆಂಡ್ ಎಂಬ ಊರನ್ನೂ ಅಯೋವಾದ ಪೆಲ್ಲಾ ಎಂಬ ಊರನ್ನೂ ಕಟ್ಟಿತು. ಡೈಕ್‌ಸ್ಟ್ರಾ, ಹುಕ್‌ಸ್ಟ್ರಾ ಎಂದು ‘ಸ್ಟ್ರಾ’ದಲ್ಲಿ ಮುಗಿಯುವ ಫ್ರೀಸ್‌ಲ್ಯಾಂಡಿನ ಹೆಸರು ಕೇಳಿದರೆ ಆ ಮನೆತನ ಹೆಚ್ಚಾಗಿ ಮಿಷಿಗನ್ ಸುತ್ತಲಿನದೆಂದು ಊಹಿಸಬಹುದು.

ಹಾಗಿದ್ದರೂ ಅಮೆರಿಕದ ನಕಾಶೆ ಬಿಡಿಸಿದರೆ ರೋಸವೆಲ್ಟ್ ಎಂಬ ಹೆಸರು ಎಲ್ಲೆಡೆ ಕಾಣುತ್ತದೆ. ಮೊಂಟಾನಾದಲ್ಲಿ, ನ್ಯೂ ಮೆಕ್ಸಿಕೊದಲ್ಲಿ ಆ ಹೆಸರಿನ ಕೌಂಟಿಗಳು, ಅರಿಜೋನಾದಲ್ಲಿ ಅಣೆಕಟ್ಟು, ನ್ಯೂಯಾರ್ಕಿನಲ್ಲಿ 1973ರಿಂದ ಆ ಹೆಸರು ಹೊತ್ತ ದ್ವೀಪ, ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಥಿಯೋಡರರ ಹೆಸರಿನ ಒಂದು ಜಾತಿಯ ದೊಡ್ಡ ಜಿಂಕೆ. 1927ರಲ್ಲಿ ವಿಮಾನಚಾಲಕ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಲು ಹಾರಿದ್ದು ರೋಸವೆಲ್ಟ್ ಫೀಲ್ಡ್ ಎಂಬ ವಿಮಾನ ಮೈದಾನದಿಂದ. ಅದಕ್ಕೆ ಆ ಹೆಸರು ಬಂದದ್ದು ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸುತ್ತ ಸತ್ತ ಥಿಯೋಡರರ ಕಿರಿಯ ಮಗ ಕ್ವೆಂಟಿನನಿಂದ. ಬ್ರೆಜಿಲಿನಲ್ಲಿ ಒಂದು ನದಿಯೂ ಇದೆ. ಇವನ್ನು ಪಟ್ಟಿ ಮಾಡುತ್ತ ಕೂರುವುದು ಬೇಡ, ಅಧ್ಯಕ್ಷರ ಹೆಸರುಗಳಿಗೆ ಆಗುವ ಗತಿಯೇ ಅದು.

ನನಗೆ ಮುಖ್ಯವಾಗಿ ಕಾಣುವುದು ಮನುಷ್ಯರ ಮೇಲೆ ಈ ಹೆಸರು ಕೂತ ಬಗೆ. ರಕ್ತಸಂಬಂಧವಿಲ್ಲದವರಿಗೆ ಇದು ಮೊದಲು ಅಂಟಿಕೊಂಡದ್ದು ಗುಲಾಮಗಿರಿಯಿಂದ. 1741ರಲ್ಲಿ ನ್ಯೂಯಾರ್ಕಿನ ಕೋಟೆಯಲ್ಲಿ, ಆ ಬಳಿಕ ಊರಿನ ಹಲವು ಕಡೆ ಬೆಂಕಿ ಬಿತ್ತು. ಗುಲಾಮರು ಸಂಚು ಹೂಡಿದ್ದಾರೆಂಬ ಭಯ ಹಬ್ಬಿತು. ಮೇ 30ರಂದು ಇಬ್ಬರು ಕಪ್ಪು ಜನರನ್ನು ಕಂಬಕ್ಕೆ ಕಟ್ಟಿ ಜೀವಂತ ಸುಟ್ಟರು. ಒಬ್ಬನ ಹೆಸರು ಕಫಿ, ಇನ್ನೊಬ್ಬನದು ಕ್ವಾಕ್. ನ್ಯಾಯಾಲಯದ ಕಾಗದಗಳಲ್ಲಿ ಅವರಿಗೆ ತಮ್ಮದೇ ಮನೆತನದ ಹೆಸರಿಲ್ಲ. ಕಫಿ ಫಿಲಿಪ್ಸ್ ಎಂಬುವನ ಸೊತ್ತು, ಕ್ವಾಕ್ ಜಾನ್ ರೋಸವೆಲ್ಟ್ ಎಂಬ ಬಣ್ಣದ ಕೆಲಸದವನ ಸೊತ್ತು. ಜಾನುವಾರಿನ ಮೈಮೇಲಿನ ಬರೆಯಂತೆ ಒಡೆಯನ ಹೆಸರು ಅವನ ಹೆಸರಿನ ಪಕ್ಕದಲ್ಲಿ ನಿಂತಿದೆ. ಡಚ್ ಒಡೆಯರ ಮನೆಗಳಲ್ಲಿ ಹುಟ್ಟಿದ ಕಪ್ಪು ಮಕ್ಕಳಿಗೆ ಡಚ್ಚೇ ಮನೆಮಾತಾಗಿತ್ತು. ಗುಲಾಮಗಿರಿಯ ವಿರುದ್ಧ ದೇಶವಿಡೀ ಮಾತನಾಡಿದ ಸೊಜರ್ನರ್ ಟ್ರೂತ್ ಹುಟ್ಟಿದ್ದು 1797ರ ಸುಮಾರಿಗೆ ನ್ಯೂಯಾರ್ಕಿನ ಅಲ್‌ಸ್ಟರ್ ಕೌಂಟಿಯಲ್ಲಿ, ಇಸಬೆಲ್ಲಾ ಎಂಬ ಹೆಸರಿನಿಂದ. ಡಚ್ ಬಿಟ್ಟು ಬೇರೆ ಮಾತು ಗೊತ್ತಿಲ್ಲದ ಆ ಹುಡುಗಿಯನ್ನು ಇಂಗ್ಲಿಷ್ ಮನೆಗೆ ಮಾರಿದಾಗ, ಹೇಳಿದ್ದು ಅರ್ಥವಾಗಲಿಲ್ಲವೆಂದು ಏಟು ತಿಂದಳು. 1826ರಲ್ಲಿ ಹಸುಗೂಸನ್ನು ಎತ್ತಿಕೊಂಡು ಒಡೆಯನ ಮನೆಯಿಂದ ಹೊರನಡೆದಾಗ ಆಶ್ರಯ ಕೊಟ್ಟವರು ವಾನ್ ವಾಗೆನೆನ್ ಎಂಬ ದಂಪತಿಗಳು. ಆಕೆ ಅವರ ಹೆಸರನ್ನೇ ತನ್ನದಾಗಿ ಇಟ್ಟುಕೊಂಡಳು. ಒಡೆಯನ ಹೆಸರು ಹೊರಿಸಿದ್ದು ಒಂದು, ಆಶ್ರಯ ಕೊಟ್ಟವರ ಹೆಸರನ್ನು ತಾನಾಗಿ ಎತ್ತಿಕೊಂಡದ್ದು ಇನ್ನೊಂದು. ಜನಗಣತಿಯ ಪಟ್ಟಿಯಲ್ಲಿ ಇವೆರಡೂ ಒಂದೇ ರೀತಿ ಕಾಣುತ್ತವೆ.

ಇಪ್ಪತ್ತನೆಯ ಶತಮಾನದಲ್ಲಿ ರೋಸವೆಲ್ಟ್ ಎಂಬುದು ಮೂರನೆಯ ದಾರಿ ಹಿಡಿಯಿತು. ತಾಯಿಯ ಮನೆತನದ ಹೆಸರನ್ನು ಮಗುವಿಗೆ ಇಡುವ ರೂಢಿಯಿತ್ತೆಂದು ಆಗಲೇ ಹೇಳಿದೆ; ಅದರ ಪಕ್ಕದಲ್ಲೇ ಮೆಚ್ಚಿದ ನಾಯಕನ ಮನೆತನದ ಹೆಸರನ್ನು ಮಗುವಿಗೆ ಇಟ್ಟ ಹೆಸರಾಗಿ ಕೊಡುವ ರೂಢಿಯೂ ಬೆಳೆದಿತ್ತು. 1901ರ ಅಕ್ಟೋಬರಿನಲ್ಲಿ, ಅಧ್ಯಕ್ಷರಾಗಿ ಒಂದು ತಿಂಗಳಾಗಿದ್ದ ಥಿಯೋಡರ್, ಕಪ್ಪು ಜನರ ಶಿಕ್ಷಣದ ಮುಂದಾಳು ಬೂಕರ್ ವಾಷಿಂಗ್ಟನ್‌ರನ್ನು ಶ್ವೇತಭವನದ ರಾತ್ರಿಯೂಟಕ್ಕೆ ಕರೆದರು. ದಕ್ಷಿಣದ ಬಿಳಿಯರ ಪತ್ರಿಕೆಗಳು ಕೆಂಡ ಕಾರಿದವು. ಒಂದು ಪಂಕ್ತಿಯಲ್ಲಿ ಕೂತು ಉಣ್ಣುವುದು ಎಂದರೆ ಏನೆಂದು ನಮ್ಮ ದೇಶದವರಿಗೆ ವಿವರಿಸಬೇಕಾಗಿಲ್ಲ. ಕಪ್ಪು ಜನರ ಮನೆಗಳಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ರೋಸವೆಲ್ಟ್ ಎಂದು ಹೆಸರಿಡುವುದು ಆ ವರ್ಷಗಳಲ್ಲಿ ಹೆಚ್ಚಿತು. 1906ರಲ್ಲಿ ಆರ್ಕನ್ಸಾದಲ್ಲಿ ಹುಟ್ಟಿದ ಬ್ಲೂಸ್ ಪಿಯಾನೊವಾದಕ ರೋಸವೆಲ್ಟ್ ಸೈಕ್ಸ್ ಅಂಥವರಲ್ಲೊಬ್ಬರು. ಅದೇ 1906ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್ಲಿನಲ್ಲಿ ನಡೆದ ಗುಂಡಿನ ಗಲಾಟೆಗಾಗಿ 167 ಕಪ್ಪು ಸೈನಿಕರನ್ನು ವಿಚಾರಣೆಯಿಲ್ಲದೆ ಅವಮಾನದಿಂದ ಸೇನೆಯಿಂದ ಹೊರಹಾಕಿದವರೂ ಇದೇ ಥಿಯೋಡರ್. ಆ ಅನ್ಯಾಯ ಸರಿಯಾಗಲು 1972 ಬರಬೇಕಾಯಿತು. ಆದರೂ ಊಟಕ್ಕೆ ಕರೆದದ್ದು ಜನರ ಮನಸ್ಸಿನಲ್ಲಿ ಉಳಿದಿತ್ತೆಂದು ತೋರುತ್ತದೆ. 1919ರ ಜನವರಿ 6ರಂದು ಥಿಯೋಡರ್ ತೀರಿಕೊಂಡರು. ಇಪ್ಪತ್ತೈದು ದಿನಗಳ ಬಳಿಕ ಜಾರ್ಜಿಯಾದ ಒಂದು ಗೇಣಿದಾರ ಕುಟುಂಬದಲ್ಲಿ ಹುಟ್ಟಿದ ಮಗುವಿಗೆ ಜಾಕ್ ರೋಸವೆಲ್ಟ್ ರಾಬಿನ್ಸನ್ ಎಂದು ಹೆಸರಿಟ್ಟರು. 1947ರಲ್ಲಿ ಬೇಸ್‌ಬಾಲಿನ ಮೇಲ್ಮಟ್ಟದ ಲೀಗಿನಲ್ಲಿದ್ದ ವರ್ಣಭೇದದ ಗೆರೆಯನ್ನು ದಾಟಿದ ಜಾಕಿ ರಾಬಿನ್ಸನ್ ಅವರೇ.

ಫ್ರಾಂಕ್ಲಿನ್‌ರ ಕಾಲಕ್ಕೆ ಈ ಹೆಸರಿಡುವುದು ಮತ್ತೊಮ್ಮೆ ಏರಿತು. ಅವರು ಅಧ್ಯಕ್ಷ ಪದವಿಯ ಉಮೇದುವಾರಿಕೆಯನ್ನು ಒಪ್ಪಿಕೊಂಡದ್ದು 1932ರ ಜುಲೈ 2ರಂದು. ಹನ್ನೆರಡು ದಿನ ಕಳೆದು ಜಾರ್ಜಿಯಾದಲ್ಲಿಯೇ ಇನ್ನೊಂದು ಕಪ್ಪು ಕುಟುಂಬದಲ್ಲಿ ರೋಸವೆಲ್ಟ್ ಗ್ರಿಯರ್ ಹುಟ್ಟಿದರು. ಮುಂದೆ ಅಮೆರಿಕನ್ ಫುಟ್‌ಬಾಲಿನ ಭಾರಿ ಆಳಾದರು. 1968ರಲ್ಲಿ ರಾಬರ್ಟ್ ಕೆನಡಿಯವರಿಗೆ ಗುಂಡು ಹೊಡೆದವನನ್ನು ಹಿಡಿದು ಕೆಡವಿದವರಲ್ಲಿ ಅವರೂ ಒಬ್ಬರು. ಬಿಡುವಿನಲ್ಲಿ ಕಸೂತಿ ಹಾಕುತ್ತಿದ್ದರು, ಗಂಡಸರಿಗಾಗಿ ಕಸೂತಿಯ ಪುಸ್ತಕವನ್ನೂ ಬರೆದರು. ಅಷ್ಟು ಉದ್ದದ ಹೆಸರನ್ನು ಯಾರು ಪೂರ್ತಿ ಕರೆಯುತ್ತಾರೆ? ಆಟದ ಮೈದಾನದಲ್ಲಿ, ಪತ್ರಿಕೆಯಲ್ಲಿ, ಮನೆಯಲ್ಲಿ ಎಲ್ಲರೂ ಅವರನ್ನು ಕರೆದದ್ದು ‘ರೋಸಿ’ ಎಂದು. ಕಾಗುಣಿತದಲ್ಲಿ ಕೂಡ ಒಂದು ‘ಓ’ ಮಾತ್ರ ಉಳಿಯಿತು.